ಮದುವೆಯ ಅಳತೆ

ನಾನು ದರ್ಜಿ. ಊರಿನ ಗಂಡಸರ ಹೊಟ್ಟೆಗಳನ್ನೆಲ್ಲ ಅಳೆದವನು. ಈಗ ನನ್ನದೇ ಹೊಟ್ಟೆ ಉರಿಯುತ್ತಿದೆ, ಕೇಳುವವರಿಲ್ಲ.

ಟೇಪು ಹಿಡಿದರೆ ಸಾಕು, ಎಂಥ ಗಂಡಸೂ ಹೊಟ್ಟೆಯನ್ನು ಒಳಗೆಳೆದುಕೊಂಡು ಕಲ್ಲಾಗುತ್ತಾನೆ. "ಉಸಿರು ಬಿಡಿ ಸಾರ್, ನನ್ನ ಹತ್ರ ಎಂಥ ನಾಚಿಕೆ?" ಎನ್ನುತ್ತ ಒಳಗೊಳಗೇ ನಗುತ್ತೇನೆ. ಏಕೆಂದರೆ ಮದುವೆಯಲ್ಲಿ ನನ್ನ ಸೊಂಟ ಮೂವತ್ತೆರಡು ಇಂಚು. ಇಂದಿಗೂ ಅದೇ ಕಾಗದದ ನಮೂನೆಯಿಟ್ಟು ಕತ್ತರಿಸಿದ ಪ್ಯಾಂಟು ನನಗಾಗುತ್ತದೆ. (ಕತ್ತರಿಸುವುದು, ಹೊಲಿಯುವುದು ನಾನು, ಗುಂಡಿ, ಹುಕ್ಕು, ಕೊನೆಯ ಇಸ್ತ್ರಿ ಹೆಂಡತಿಯ ಖಾತೆ.)

ಇಂಥ ಆದರ್ಶ ಪುರುಷನ ಎದೆಗೆ ಈಚೆಗೆ ಬೆಂಕಿ ಬಿತ್ತು. ಉಂಡದ್ದೆಲ್ಲ ಹುಳಿಯಾಗಿ ಗಂಟಲವರೆಗೆ ಬಂದು ಕ್ಷೇಮ ವಿಚಾರಿಸಿ ಹೋಗತೊಡಗಿತು. ಹೆಂಡತಿ ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು.

"ಕಾಫಿ ಕುಡೀತೀರಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಫ್ಲಾಸ್ಕು ಬರಿದಾದ್ರೆ ಇವರ ಮಿಷನ್ನೇ ನಿಂತುಹೋಗುತ್ತೆ" ಎಂದಳು.

"ಕರಿದದ್ದು?"

"ತಟ್ಟೇನೂ ನೆಕ್ತಾರೆ."

"ಊಟ ಆದ ಮೇಲೆ?"

"ಕೈ ಒರೆಸ್ಕೊಳ್ಳೋಷ್ಟರಲ್ಲಿ ಗೊರಕೆ."

ಡಾಕ್ಟರಮ್ಮ ತಲೆಯಾಡಿಸಿದರು. "ತೂಕಾನೂ ಜಾಸ್ತಿ ಇದೆ. ಸೊಂಟಕ್ಕೆ ಬಟ್ಟೆ ಬಿಗಿಯಾಗ್ತಿದ್ಯಾ? ಹೊಟ್ಟೆ ಒತ್ತಿದ್ರೆ ಆಸಿಡ್ ಮೇಲಕ್ಕೆ ನುಗ್ಗುತ್ತೆ."

"ಪ್ಯಾಂಟಿನ ಮಾತು ಮಾತ್ರ ಬೇಡಿ! ಮದುವೆ ಅಳತೆ, ಇವತ್ತಿಗೂ ಮೂವತ್ತೆರಡು" ಎಂದು ಎದೆಯುಬ್ಬಿಸಿದೆ. ಅಷ್ಟು ಹೊತ್ತು ಪಟಪಟನೆ ಸಾಕ್ಷಿ ಹೇಳಿದ ಹೆಂಡತಿ ಆಗ ಕಿಟಕಿಯಾಚೆ ನೋಡತೊಡಗಿದಳು.

ಮನೆಗೆ ಬಂದದ್ದೇ ತಡ, ಸರ್ವಾಧಿಕಾರ ಜಾರಿಯಾಯಿತು. ಫ್ಲಾಸ್ಕು ಅಟ್ಟ ಸೇರಿತು. ಮಧ್ಯಾಹ್ನದ ನಿದ್ದೆಗೆ ನಿಷೇಧ. ತೂಕಡಿಸಿದರೆ ಬೆನ್ನಿಗೆ ಗಜಕಡ್ಡಿಯ ತಿವಿತ. ಹುಳಿ ಮೇಲೇರದಿರಲೆಂದು ಮಂಚದ ತಲೆಯ ಕಡೆಯ ಕಾಲುಗಳಡಿ ಇಟ್ಟಿಗೆ ಬಿತ್ತು, ನಾನು ಜಾರಿ ಜಾರಿ ಬೆಳಗಾಗುವುದರಲ್ಲಿ ಕಾಲ್ದೆಸೆಗೆ ಮುದುಡಿ ಬಿದ್ದಿರುತ್ತಿದ್ದೆ. ಪಕ್ಕದ ಅಂಗಡಿಯಿಂದ ಕಾಫಿಯ ವಾಸನೆ ಬಂದರೆ ನಿಜವಾಗಿಯೂ ಕಣ್ಣಲ್ಲಿ ನೀರು ಬರುತ್ತಿತ್ತು. ಕಾಫಿಯಿಲ್ಲದ ಮನುಷ್ಯ ಯಾವ ಸುಖಕ್ಕೆ ಬದುಕಬೇಕು, ನೀವೇ ಹೇಳಿ.

"ಉರಿ ಹಾಗೇ ಇದೆ ಕಣೇ. ಎಲ್ಲಾ ಬಿಟ್ಟೆ. ಇನ್ನೇನು ಬಿಡ್ಲಿ?"

"ಜಂಬ ಬಿಡಿ. ಪ್ಯಾಂಟು ಸ್ವಲ್ಪ ದೊಡ್ಡದಾಗಿ ಕತ್ತರಿಸ್ಕೊಳ್ಳಿ."

"ಪ್ರಾಣ ಬೇಕಾದ್ರೆ ಬಿಟ್ಟೇನು!"

ಬಾಯಲ್ಲಿ ಹಾಗೆಂದರೂ, ಮರುದಿನ ಅವಳು ತರಕಾರಿಗೆ ಹೋದಾಗ ಅಂಗಡಿಯ ಶಟರನ್ನು ಅರ್ಧ ಕೆಳಗೆಳೆದೆ. ಪ್ಯಾಂಟು ಕಳಚಿ, ಹೊಲಿಯಲು ಬಂದಿದ್ದ ಪರದೆಯೊಂದನ್ನು ಸುತ್ತಿಕೊಂಡೆ. ಅರ್ಧ ಇಂಚು ಬಿಟ್ಟುಕೊಂಡರೆ ಯಾರಿಗೆ ಗೊತ್ತಾಗುತ್ತದೆ? ನಾಳೆಯ ಹೊಟ್ಟೆಗೆಂದು ಪ್ಯಾಂಟಿನ ಹಿಂಬದಿಯ ಹೊಲಿಗೆಯೊಳಗೆ ಬಟ್ಟೆ ಉಳಿಸುವುದು ನಮ್ಮ ಕಸುಬಿನ ಪದ್ಧತಿ. ಈ ಪ್ಯಾಂಟಿಗೂ ನಾನೇ ಕೈಯಾರೆ ಧಾರಾಳವಾಗಿ ಉಳಿಸಿದ್ದೆ.

ಹೊಲಿಗೆ ಬಿಚ್ಚಿದೆ. ಒಳಗೆ ಬಟ್ಟೆಯೇ ಇಲ್ಲ! ಉಳಿದದ್ದು ಬರೀ ಅಂಚು. ನಾನು ಹಾಕಿದ್ದ ಹೊಲಿಗೆಯ ಸೂಜಿತೂತುಗಳು ಈ ಹೊಲಿಗೆಯಿಂದಾಚೆ, ಹೊರಬದಿಯಲ್ಲಿ ಉಳಿದಿದ್ದವು. ಅವು ಕಾಣದಂತೆ ಯಾರೋ ನಾಜೂಕಾಗಿ ಇಸ್ತ್ರಿ ಮಾಡಿದ್ದರು. ಗೋಡೆಗೆ ನೇತುಹಾಕಿದ್ದ ನನ್ನ ಇನ್ನೊಂದು ಪ್ಯಾಂಟನ್ನೂ ಬಿಚ್ಚಿ ನೋಡಿದೆ. ಅದರ ಕಥೆಯೂ ಅದೇ.

ಶಟರು ಮೇಲೆದ್ದಿತು. ಹೆಂಡತಿ!

"ಪರದೆ ಮೇಷ್ಟರ ಮನೇದು, ಸುಕ್ಕು ಮಾಡ್ಬೇಡಿ."

"ಒಳಗಿನ ಬಟ್ಟೆ ಎಲ್ಲಿ ಹೋಯ್ತೇ?"

"ನಿಮ್ಮ ಹೊಟ್ಟೆ ಸುತ್ತ ಹೋಯ್ತು" ಎಂದಳು ಚೀಲ ಕೆಳಗಿಡುತ್ತ. "ಹೊಸ ಪ್ಯಾಂಟಿಗೆ ಗುಂಡಿ ಹಾಕೋವಾಗೆಲ್ಲ ಆ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆ ಬಿಟ್ಟು ಸೊಂಟ ಸಡಿಲ ಮಾಡ್ತಿದ್ದೆ. ಮದುವೆ ಅಳತೆ ಅಂತ ಕನ್ನಡಿ ಮುಂದೆ ಹಿಗ್ಗುತ್ತಿದ್ರಲ್ಲ, ಆ ಮುಖ ನೋಡಿ ಹೇಳೋಕೆ ಮನಸ್ಸು ಬರ್ಲಿಲ್ಲ. ಈ ಸಲ ಬಿಡೋಕೆ ಬಟ್ಟೇನೇ ಸಾಲ್ಲಿಲ್ಲ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅವಳು ನನ್ನ ಕೊರಳಿನ ಟೇಪನ್ನೇ ಎಳೆದುಕೊಂಡು ಸೊಂಟಕ್ಕೆ ಸುತ್ತಿದಳು. ನನ್ನ ಹೊಟ್ಟೆ ತಾನಾಗಿ ಒಳಗೆ ಹೋಯಿತು.

"ಉಸಿರು ಬಿಡಿ ಸಾರ್, ನನ್ನ ಹತ್ರ ಎಂಥ ನಾಚಿಕೆ?"

ಬಿಟ್ಟೆ. ಟೇಪು ನೋಡಿದಳು, ಅಂಕಿ ಹೇಳಲಿಲ್ಲ.

"ಹಾಗಾದ್ರೆ ತಪ್ಪೆಲ್ಲ ಪ್ಯಾಂಟಿಂದೇ! ನನ್ನ ಕಾಫಿ ವಾಪಸ್ ಕೊಡು" ಎಂದು ಅಂಗಲಾಚಿದೆ.

"ಧಾರಾಳವಾಗಿ ಕೊಡ್ತೀನಿ. ಮದುವೆ ಅಳತೆಗೆ ಬನ್ನಿ, ಅವತ್ತೇ ಫ್ಲಾಸ್ಕು ಕೆಳಗಿಳಿಸ್ತೀನಿ."

ಮದುವೆಯ ಪ್ಯಾಂಟಿಗೆ ಅಳತೆ ಕೊಟ್ಟ ದಿನವೂ ನಾನು ಉಸಿರು ಬಿಗಿಹಿಡಿದೇ ನಿಂತಿದ್ದೆ ಎಂದು ಇವಳಿಗೆ ಹೇಗೆ ಹೇಳಲಿ?