ಓವನ್ನಿನಲ್ಲಿ ಗೂಡು ಒಣಗಿಸಿದ ಮಾವ

ನನ್ನ ಸೋದರಮಾವ ಈ ಲೋಕದಲ್ಲಿ ಬಿಚ್ಚಿ ನೋಡದೆ ನಂಬಿದ್ದು ಎರಡನ್ನೇ. ಒಂದು ನಮ್ಮತ್ತೆ, ಇನ್ನೊಂದು ಕೋಳಿಮೊಟ್ಟೆ. ಮೊಟ್ಟೆಯ ಬಗ್ಗೆ ಅವನಿಗೆ ಈಗಲೂ ಕೊಂಚ ಅನುಮಾನವಿದೆ. ಹೊಸ ಮಿಕ್ಸಿ ಬಂದರೆ ಚಟ್ನಿ ರುಬ್ಬುವ ಮೊದಲೇ ಅದರ ತಳ ಬಿಚ್ಚುತ್ತಾನೆ. ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದಾಗ ಒಂದು ಸ್ಕ್ರೂ ಉಳಿಯಿತು. "ಕಂಪ್ನಿಯೋರು ಒಂದು ಜಾಸ್ತಿ ಹಾಕ್ಬುಟ್ಟವ್ರೆ" ಎಂದು ಜೇಬಿಗೆ ಹಾಕಿಕೊಂಡ. ಅಂದಿನಿಂದ ಆ ಮನೆಯಲ್ಲಿ ಎಲ್ಲವೂ ಕಾಲು ಗಂಟೆ ಮೊದಲೇ ಆಗುತ್ತದೆ.

ಮಾವನದು ಕನಕಪುರದ ಹತ್ತಿರದ ಹಳ್ಳಿ. ರೇಷ್ಮೆಗೂಡಿಗೆ ಯಾರೂ ಕಂಡರಿಯದ ಬೆಲೆ ಬಂದಾಗ ಊರಲ್ಲಿ ಅರ್ಧ ಜನ ಹೊಸ ಮನೆ ಕಟ್ಟಿಸಿದರು, ಮಾವನೂ ಕಟ್ಟಿಸಿದ. ಹುಳುವಿಗೆ ಸೊಪ್ಪು ಹಾಕಿ ಹಾಕಿ ಸೊಂಟ ಬೀಳಿಸಿಕೊಂಡಿದ್ದ ಅತ್ತೆ ಕೇಳಿದ್ದು ಒಂದೇ, ಅಡುಗೆಮನೆ ಗೋಡೆಯೊಳಗೆ ಕೂರುವ ಓವನ್. ಕುದೂರಿನ ಅವಳ ತವರಿನ ಪಕ್ಕದಲ್ಲಿ ಒಂದು ಬೇಕರಿ ಇತ್ತಂತೆ. ಆ ಬನ್ನಿನ ವಾಸನೆ ತನ್ನ ಮನೆಯಲ್ಲೂ ಏಳಬೇಕು ಎನ್ನುವುದು ಅವಳ ಬಹುಕಾಲದ ಆಸೆ.

ಒಂದು ದಿನ ಅತ್ತೆ ನಾಮಕರಣಕ್ಕೆಂದು ಮಾಗಡಿಗೆ ಹೋದಳು. ಮಾವನಿಗೆ ಯೋಚನೆ ಬಂತು. ಗೂಡು ಒಣಗಿಸುವುದೂ ಬಿಸಿಗಾಳಿಯೇ, ಬನ್ನು ಬೇಯಿಸುವುದೂ ಬಿಸಿಗಾಳಿಯೇ. ಎಂದಿನಂತೆ ಓವನ್ನನ್ನು ಗೋಡೆಯಿಂದ ಎಳೆದು ಹಿಂದಿನ ಮುಚ್ಚಳ ಬಿಚ್ಚಿಟ್ಟು, ಹಾಗೇ ಮತ್ತೆ ಗೋಡೆಗೆ ತಳ್ಳಿ, ಒಳಗೆ ಒಂದು ತಟ್ಟೆ ಗೂಡು ತುಂಬಿ ಸ್ವಿಚ್ ಹಾಕಿದ. ಗೂಡಿನ ಮೇಲಿನ ಸಡಿಲ ಎಳೆಗಳೆಲ್ಲ ಹಾರಿ, ಓವನ್ನನ್ನು ತಣ್ಣಗಿಡುವ ಹಿಂದಿನ ಫ್ಯಾನಿಗೆ ಸುತ್ತಿಕೊಂಡವು. ಫ್ಯಾನು ಗೊರಗೊರ ಎಂದು ನಿಂತಿತು. ಕಾವು ಹೆಚ್ಚಾಗಿ ಓವನ್ನೂ ತಾನಾಗಿ ಆಫ್ ಆಯಿತು.

ಮಾಗಡಿಯಿಂದ ಮರಳಿದ ಅತ್ತೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ನನ್ನ ಬನ್ನಿನ ಪೆಟ್ಟಿಗೇಲಿ ಹುಳ ಹುರುದ್ರಾ?"

"ಹುಳ ಅಲ್ಲ ಕಣೆ, ಗೂಡು."

ಈ ತಿದ್ದುಪಡಿ ಬೇಕಿತ್ತೇ? "ಅದು ಸರಿಹೋಗೋಗಂಟ ನಾನು ಬರಕಿಲ್ಲ" ಎಂದು ಅತ್ತೆ ಇಳಿಸಿದ ಬ್ಯಾಗನ್ನು ಮತ್ತೆ ಎತ್ತಿಕೊಂಡು ತಮ್ಮನ ಮನೆಗೆ, ಕುದೂರಿಗೆ, ಹೊರಟೇಬಿಟ್ಟಳು.

ನಾನು ರಾಮನಗರದಲ್ಲಿ ಸ್ಕೂಲ್ ಟೀಚರ್. ವಿಷಯ ತಿಳಿದು ಹೋಗುವಷ್ಟರಲ್ಲಿ ಎರಡು ವಾರ ದಾಟಿತ್ತು. ಓವನ್ ಹಾಗೇ ಕೂತಿತ್ತು. ಸಿಕ್ಕಿದ್ದನ್ನೆಲ್ಲ ಬಿಚ್ಚುವ ಮನುಷ್ಯ ಅಂದಿನಿಂದ ಇದೊಂದನ್ನು ಮುಟ್ಟಿರಲಿಲ್ಲ.

"ಯಾಕೆ ಮಾವ?"

"ಕೈ ಬತ್ತಾ ಇಲ್ಲ ಕಣವ್ವ" ಎಂದ. ಎರಡು ಲೋಟ ಟೀ ತಂದು ಒಂದನ್ನು ನನಗೆ ಕೊಟ್ಟ. ತಾನು ಟೀ ಕುಡಿಯುವುದಿಲ್ಲ ಎನ್ನುವುದು ಆಮೇಲೆ ನೆನಪಾಗಿ ಇನ್ನೊಂದನ್ನೂ ನನ್ನ ಮುಂದೆಯೇ ಇಟ್ಟ. "ಅವಳ್ದೂ ಮಾಡ್ಬುಟ್ಟೆ." ನಾನು ಎರಡೂ ಕುಡಿದೆ. ಬೇರೇನು ಮಾಡಲಿ?

"ಏಳು, ಇಬ್ಬರೂ ಸೇರಿ ನೋಡೋಣ" ಎಂದೆ. ಮೇನ್ ಸ್ವಿಚ್ ಆಫ್ ಮಾಡಿ ಓವನ್ನನ್ನು ಗೋಡೆಯಿಂದ ಎಳೆದೆವು. ಮಾವ ಫ್ಯಾನಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದ. ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿದರೆ ಉಜ್ಜಿಕೊಂಡು ನಿಲ್ಲುತ್ತಿತ್ತು. ಮೋಟರಿನ ವೈರು ಕಳಚಿ, ಕರೆಂಟು ಹರಿಯುತ್ತದೆಯೇ ಎಂದು ನೋಡುವ ಮೀಟರಿನ ಎರಡು ಕಡ್ಡಿ ಇಟ್ಟ. ಮುಳ್ಳು ಅಲ್ಲಾಡಲಿಲ್ಲ.

"ಒಳ್ಗೆ ಸುತ್ತಿರೋ ತಂತಿ ಸುಟ್ಟೋಗೈತೆ. ಮೋಟ್ರೇ ಬದ್ಲಾಯಿಸ್ಬೇಕು."

ಹಳೆಯ ಮೋಟರನ್ನು ಟವಲಿನಲ್ಲಿ ಸುತ್ತಿಕೊಂಡು ಕನಕಪುರದ ಅಂಗಡಿಗೆ ಹೋದೆವು. ಅದೇ ಅಳತೆಯದನ್ನು ತರಿಸಲು ಮೂರು ದಿನ ಬೇಕೆಂದರು. ಆ ಮೂರು ದಿನವೂ ಮಾವ ಬೆಳಿಗ್ಗೆಯೇ ಹೋಗಿ ಅಂಗಡಿ ಮುಂದೆ ಕೂತಿದ್ದನಂತೆ. ಮೋಟರು ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆದ.

"ಬಿಚ್ಚುದ್ರೆ ಗ್ಯಾರಂಟಿ ಹೋಯ್ತದೆ ಯಜಮಾನ್ರೆ" ಎಂದ ಅಂಗಡಿಯವನು.

ಮಾವ ಸ್ಕ್ರೂಡ್ರೈವರನ್ನು ಜೇಬಿಗಿಟ್ಟ. ಜೀವಮಾನದಲ್ಲಿ ಮೊದಲ ಸಲ.

ಭಾನುವಾರ ನಾನು ಹೋದಾಗ ಜೋಡಿಸಿದೆವು. ಸ್ವಿಚ್ ಹಾಕಿ, ಓವನ್ ಕಾದ ಮೇಲೆ ಗಾಳಿ ಬರುವ ಸಂದಿಗೆ ಕಾಗದದ ಚೂರು ಹಿಡಿದೆ. ಅದು ಪಟಪಟ ಹೊಡೆದುಕೊಂಡಿತು. ಮಾವ ಕುಣಿಯಬಹುದು ಅಂದುಕೊಂಡಿದ್ದೆ. ಅವನು ಚಪ್ಪಲಿ ಮೆಟ್ಟಿಕೊಂಡ.

"ಫೋನ್ ಮಾಡಿ ಹೇಳು, ಅತ್ತೆ ತಾನೇ ಬರ್ತಾಳೆ."

"ಬ್ಯಾಡ" ಎಂದ.

ಕನಕಪುರದಿಂದ ರಾಮನಗರ, ಮಾಗಡಿ, ಅಲ್ಲಿಂದ ಕುದೂರು. ನಾನೂ ಜೊತೆಗೆ ಹೊರಟೆ, ಮೂರು ಬಸ್ಸು ಹತ್ತಿ ಇಳಿದೆವು. ಅತ್ತೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಸರಿಹೋಯ್ತಾ?"

ನಾನು ಹೌದೆನ್ನುವಷ್ಟರಲ್ಲಿ ಮಾವ ಹೇಳಿದ. "ಇಲ್ಲ."

ನಾನು ಅವನ ಮುಖ ನೋಡಿದೆ. ಅವನು ಅತ್ತೆಯನ್ನೇ ನೋಡುತ್ತಿದ್ದ.

"ಸರಿಹೋಗ್ದಿದ್ರೂ ಬತ್ತೀಯಾ?"

ಅತ್ತೆಯ ಕೈ ನಿಂತಿತು. ಕಾಯಿಯ ಮೊರವನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

"ಇಷ್ಟು ದಿನ ಬೇಕಾಯ್ತಾ, ಇಷ್ಟು ಕೇಳಕ್ಕೆ?"

ಒಳಗೆ ಹೋದವಳು ಆ ಕ್ಷಣವೇ ಬ್ಯಾಗು ಹಿಡಿದು ಬಂದಳು. ಇಷ್ಟು ಬೇಗ ಬಟ್ಟೆ ತುಂಬಿಕೊಂಡಳೇ ಎಂದು ನಾನು ಬೆರಗಾದರೆ, ಅವಳ ತಮ್ಮನ ಹೆಂಡತಿ ನನ್ನ ಹತ್ತಿರ ಬಾಗಿ ಹೇಳಿದಳು.

"ಬಂದ ದಿನದಿಂದ ಅದ್ರಿಂದ ಒಂದು ಸೀರೆ ಆಚೆ ತೆಗ್ದಿಲ್ಲ ಕಣಕ್ಕ. ಇವತ್ತು ಬತ್ತಾರೆ, ನಾಳೆ ಬತ್ತಾರೆ ಅಂತ ದಿನಾ ನನ್ನ ಸೀರೆನೇ ಉಟ್ಕತಿದ್ರು."