ವ್ಯಾನ್ ಕೇಳಲು ಹೋಗಿ ಬನ್ಸ್ ತಿಂದದ್ದು

ಬಾಯಿಬಿಟ್ಟು ಏನನ್ನಾದರೂ ಕೇಳಬೇಕೆಂದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಬೆವರುತ್ತದೆ. ಪಕ್ಕದ ಫ್ಲ್ಯಾಟಿನವರು ಒಯ್ದ ಇಡ್ಲಿ ತಟ್ಟೆಯನ್ನು ವಾಪಸು ಕೇಳಲಾರದೆ, ಎಷ್ಟೋ ಕಾಲ ಇಡ್ಲಿಯನ್ನು ಲೋಟದಲ್ಲೇ ಬೇಯಿಸಿದವಳು ನಾನು. ಇಂಥವಳಿಗೆ ನೆರೂಳಿನಲ್ಲಿ, ಕಿವಿ ಕೇಳದ ಮಕ್ಕಳ ಶಾಲೆಯೊಂದರಲ್ಲಿ ದೇಣಿಗೆ ಎತ್ತುವ ಕೆಲಸ ಸಿಕ್ಕಿತು. ಅದೂ ಚಿಲ್ಲರೆ ದೇಣಿಗೆಯಲ್ಲ, ‘ಮೇಜರ್ ಗಿಫ್ಟ್’. ಎಂದರೆ ಒಬ್ಬರೇ ದೊಡ್ಡ ಮನುಷ್ಯರ ಎದುರು ಕೂತು ದೊಡ್ಡದನ್ನೇ ಕೇಳುವುದು. “ನಿನಗೆ ಸಂಬಳ ಕೊಡುವವರ ಧೈರ್ಯ ಮೆಚ್ಚಬೇಕು” ಎಂದರು ನಮ್ಮ ಯಜಮಾನರು.

ಆ ವರ್ಷ ಶಾಲೆಯ ವ್ಯಾನ್ ಗ್ಯಾರೇಜು ಸೇರಿ, ಇನ್ನು ಏಳುವುದಿಲ್ಲ ಎಂದು ಮಲಗಿಬಿಟ್ಟಿತು. ದೂರದ ಕಾಮೋಠೆಯ ಮಕ್ಕಳು ಬರುವುದು ನಿಂತಿತು. ಒಬ್ಬಳು ತಾಯಿ ಬಂದು, “ದಿನಾ ಟ್ರೇನಲ್ಲಿ ಕರ್ಕೊಂಡು ಬಂದ್ರೆ ನನ್ನ ಕೆಲ್ಸ ಹೋಗ್ತದೆ, ಮೇಡಂ. ಮಗೂದು ಹೆಸರು ತೆಗ್ದುಬಿಡಿ” ಎಂದು ಕಣ್ಣೊರೆಸಿಕೊಂಡಳು. ನಾನು ವಾಶಿಯ ಹೋಟೆಲು ಮಾಲೀಕರಾದ ಶೇಖರಣ್ಣನ ಬಳಿಗೆ ಹೊರಟೆ.

ನನ್ನ ಮೇಲಧಿಕಾರಿ ಅನುಷಾ ಬೆಂಗಳೂರಿನ ಹುಡುಗಿ, ನನ್ನ ಮಗಳ ವಯಸ್ಸು. “ಕೇಳ್ಬಿಟ್ಟು ಸುಮ್ನಾಗ್ಬಿಡಿ ಮೇಡಂ. ಮೊದ್ಲು ಬಾಯಿ ಬಿಟ್ಟೋರೇ ಸೋತ್ರು ಅಂತ ಲೆಕ್ಕ” ಎಂದು ಕಲಿಸಿ ಕಳಿಸಿದಳು.

ಶೇಖರಣ್ಣ ಎದುರಿಗೆ ಕೂರಿಸಿಕೊಂಡು ಬಿಸಿಬಿಸಿ ಬಾಳೆಹಣ್ಣಿನ ಬನ್ಸ್ ತರಿಸಿದರು. ನಾನು ಕಣ್ಣುಮುಚ್ಚಿ, “ಮಕ್ಕಳಿಗೆ ಒಂದು ವ್ಯಾನ್ ಕೊಡಿಸಬೇಕು ಅಣ್ಣ” ಎಂದೆ. ಆಮೇಲೆ ಸುಮ್ಮನಾದೆ. ಅವರೂ ಸುಮ್ಮನಾದರು. ಸುಮ್ಮನಿರುವವಳು ಮಾಡುವುದಾದರೂ ಏನು? ಬನ್ಸ್ ತಿಂದೆ. ತಟ್ಟೆ ಖಾಲಿಯಾದದ್ದೇ ತಡ, “ಅರೆ, ಔರ್ ಬನ್ಸ್ ಲಾವ್!” ಎಂದು ಮಾಣಿಯನ್ನು ಕೂಗಿ ಇನ್ನೊಂದು ತಟ್ಟೆ ತರಿಸಿದರು. ಕೊಡುವ ಕೈಗೆ ಬೇಡ ಎಂದರೆ ವ್ಯಾನೂ ಬೇಡವೆಂದಂತಾದೀತೆಂದು ಅದನ್ನೂ ತಿಂದೆ. ಗೋಳಿಬಜೆ ಬಂತು. ಹಿಂದೆಯೇ ನೀರುದೋಸೆ. ನಾನು ತಟ್ಟೆ ಖಾಲಿ ಮಾಡಿ ಮುಗಿಸಲು ಹೆಣಗುತ್ತಿದ್ದೆ. ಅವರು ತಟ್ಟೆ ಖಾಲಿ ಕಂಡರೆ ಗಾಬರಿಯಾಗಿ ಮತ್ತೆ ತುಂಬಿಸುತ್ತಿದ್ದರು. ಸೀರೆಯ ನೆರಿಗೆ ಬಿಗಿಯಾಗಿ ಉಸಿರೇ ಸಿಕ್ಕಿಕೊಂಡಾಗ ಕಾಮೋಠೆಯ ಆ ತಾಯಿಯನ್ನು ನೆನೆದು ಇನ್ನೊಂದು ದೋಸೆ ಮಡಚಿದೆ. ಇಡೀ ಸಂಸ್ಥೆಯ ಭಾರ ಹೊಟ್ಟೆಯಲ್ಲೇ ಕೂತಿತ್ತು. ಕೊನೆಗೆ ಹಲ್ವದ ತಟ್ಟೆ ಕಂಡು, “ಸಾಕು ಅಣ್ಣ, ಸತ್ತೇಹೋಗ್ತೇನೆ!” ಎಂದು ಚೀರಿಬಿಟ್ಟೆ. ಸೋತೆ. ವ್ಯಾನ್ ಹೋಯಿತು.

ಶೇಖರಣ್ಣ ನಿಟ್ಟುಸಿರುಬಿಟ್ಟರು. “ಅಬ್ಬ! ಎಂತ ಅಕ್ಕ ನೀವು, ಏಳುವುದೇ ಇಲ್ಲ! ವ್ಯಾನ್ ಕೊಡುವ ಅಂತ ನೀವು ಕೇಳಿದಾಗಲೇ ನಿಶ್ಚಯ ಮಾಡಿದ್ದೆ. ತಿನ್ನಲಿಕ್ಕೆ ಕೂತವರ ಹತ್ರ ದುಡ್ಡಿನ ಮಾತು ಎತ್ತುವುದು ಹೇಗೆ ಮಾರಾಯ್ರೆ? ನೀವು ಕೈ ತೊಳೆಯಲಿ ಅಂತ ಕಾದು ಕಾದು ಸಾಕಾಯ್ತು.”

ಹೊಸ ವ್ಯಾನ್ ಬಂತು. ಕಾಮೋಠೆಯ ಮಕ್ಕಳೂ ಬಂದರು. ಅನುಷಾ ಈಗ ಹೊಸದಾಗಿ ಸೇರಿದವರಿಗೆಲ್ಲ ನನ್ನ ಮೌನದ ಪಾಠ ಹೇಳುತ್ತಾಳೆ. ಮೊನ್ನೆ ಒಬ್ಬಳು ಹುಡುಗಿ ಭಕ್ತಿಯಿಂದ, “ಅಷ್ಟು ಹೊತ್ತು ಹೇಗೆ ಮಾತಾಡ್ದೇ ಇದ್ರಿ ಮೇಡಂ?” ಎಂದಳು.

“ಅಭ್ಯಾಸ ಬೇಕಮ್ಮ” ಎಂದೆ. ಬಾಯಲ್ಲಿ ಜಾಗವಿರಲಿಲ್ಲ ಎಂದು ಹೇಳಲಿಲ್ಲ.