ಸುಮ್ಮನೆ ಕೂರುವ ಧರ್ಮ

ಎಲ್ಲಕ್ಕೂ ಮೂಲ ಚಿಕ್ಕಮ್ಮನ ಒಂದು ಫೋನು.

"ನಾಳೆ ಬೆಳಿಗ್ಗೆ ನಮ್ಮ ಸಾಲುಮನೆಗಳನ್ನ ಕೆಡವ್ತಾರಂತೆ ಕಣೇ. ನಿಮ್ಮಜ್ಜಿ ಕೂರ್ತಿದ್ದ ಮೆಟ್ಟಿಲು ಇವತ್ತೊಂದಿನ ಇರುತ್ತೆ. ಬಂದು ಒಂದು ಗಳಿಗೆ ಕೂತು ಹೋಗು. ನಾಳೆ ಬಂದು ತಲೆ ಚಚ್ಕೊಂಡ್ರೂ ಸಿಗಲ್ಲ."

ಫೋನು ಇಟ್ಟ ಕೊಡೆಯಮ್ಮ ಹಾಗೇ ನಿಂತಳು. ಬಸ್ ನಿಲ್ದಾಣದ ಮೂಲೆಯಲ್ಲಿದ್ದ ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ಕೊಡೆಗಳ ವಿಭಾಗ ಅವಳದು. ಅದರಿಂದಲೇ ಆ ಹೆಸರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಿಗೆ ಬರುತ್ತಿತ್ತು. ಹಾಲು ಬಿಸಿಯಾಗುವ ಮೊದಲೇ ಉಕ್ಕೀತೆಂದು ಒಲೆ ಆರಿಸುವ ಸ್ವಭಾವ. ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತುದಿಗೆ ಹೋದವಳು ಮತ್ತೆ ಬಂದು ಜಗ್ಗುತ್ತಿದ್ದಳು. ಇಂಥವಳು ರಜೆ ಕೇಳುವುದೆಂದರೆ ಇಲಿ ಬೆಕ್ಕಿನ ಬಳಿ ಸಾಲ ಕೇಳಿದ ಹಾಗೆ.

ಆದರೆ ಆ ಮೆಟ್ಟಿಲು! ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಬಾಗಿಲ ಹೊರಗೆ ಒಂದೇ ಒಂದು ಕಲ್ಲು, ನಡುವೆ ಸವೆದು ತಟ್ಟೆಯಂತಾಗಿತ್ತು. ಹೊತ್ತು ಇಳಿಯುತ್ತಿದ್ದಂತೆ ಅಜ್ಜಿ ಎಲ್ಲವನ್ನೂ ಬಿಟ್ಟು ಬರುತ್ತಿದ್ದಳು. ಅರ್ಧ ಹೆಚ್ಚಿದ ತರಕಾರಿ ಹಾಗೇ, ಅರ್ಧ ಹಿಂಡಿದ ಬಟ್ಟೆ ಹಾಗೇ. ಒದ್ದೆ ಕೈ ಮಡಿಲಲ್ಲಿಟ್ಟು, ಬಿಸಿಲು ಕಲ್ಲಿನಿಂದ ಜಾರಿ ಎದುರುಗೋಡೆ ಹತ್ತುವವರೆಗೂ ಕೂತಿರುತ್ತಿದ್ದಳು. ಪಕ್ಕದಲ್ಲಿ ಒತ್ತಿಕೊಂಡು ಕೂತ ಮೊಮ್ಮಗಳ ಮೂಗಿಗೆ ಅಗ್ಗದ ಸಾಬೂನಿನ ವಾಸನೆ.

"ಅಜ್ಜೀ, ದೇವರನ್ನ ನೆನೀತಿದ್ದೀಯಾ?"

"ಇಲ್ಲ."

"ಮತ್ತೇನು ಮಾಡ್ತಿದ್ದೀಯ?"

"ಕೂತಿದ್ದೀನಿ."

"ಯಾಕೆ?"

"ಇಷ್ಟೊತ್ತಿಗೆ ಕೂರ್ಬೇಕು, ಅದಕ್ಕೆ. ಬಾಯಿ ಮುಚ್ಚು."

ಅದರ ಶಾಸ್ತ್ರವೂ ಅಷ್ಟೇ, ಭಾಷ್ಯವೂ ಅಷ್ಟೇ. ಅಜ್ಜಿ ಹೋದ ಮೇಲೆ ಕೊಡೆಯಮ್ಮನಿಗೆ ಹಾಗೆ ಕೂರಲು ಒಮ್ಮೆಯೂ ಬಿಡುವಾಗಿರಲಿಲ್ಲ.

"ಇವತ್ತಾ ರಜೆ? ನಾಳೆ ಹರಾಜು ಇಟ್ಕೊಂಡು!" ಎಂದರು ಮ್ಯಾನೇಜರು, ತಲೆ ಎತ್ತದೆ. ವಾರಸುದಾರರು ಬಾರದ ಸಾಮಾನುಗಳನ್ನು ಮರುದಿನ ಹರಾಜಿಗೆ ಹಾಕುವುದಿತ್ತು.

ಪೆಚ್ಚುಮೋರೆ ಹೊತ್ತು ಬಂದವಳನ್ನು ಚೀಲದಕ್ಕ ತಡೆದಳು. ಚೀಲ, ಪೆಟ್ಟಿಗೆಗಳ ವಿಭಾಗ ಅವಳದು. ಬೇರೆಯವರ ಚೀಲದಲ್ಲಿ ಕೈಯಾಡಿಸಿ ಆಡಿಸಿ ಬೇರೆಯವರ ಬದುಕಿನಲ್ಲೂ ಕೈಯಾಡಿಸುವ ಅಭ್ಯಾಸವಾಗಿತ್ತು.

"ಅಯ್ಯೋ ಪೆದ್ದೀ! ನಿಯಮದಲ್ಲಿ ಒಂದು ಸಂದಿ ಇದೆ. ಧಾರ್ಮಿಕ ಆಚರಣೆಗೆ ಅಂದ್ರೆ ಒಂದು ಗಂಟೆ ಬಿಡ್ಲೇಬೇಕು. ನಿಮ್ಮಜ್ಜಿದು ಆಚರಣೆ ತಾನೆ?"

"ಆಚರಣೆ ಹೌದಕ್ಕ. ಧಾರ್ಮಿಕ ಹೌದೋ ಅಲ್ವೋ..."

"ನೀನು ಅದನ್ನ ಯೋಚಿಸಿ ಮುಗಿಸೋ ಹೊತ್ಗೆ ಮೆಟ್ಟಿಲು ಪುಡಿಯಾಗಿರುತ್ತೆ. ನಡಿ!"

ಮ್ಯಾನೇಜರು ನಿಯಮಾವಳಿ ತೆರೆದರು. ಅದನ್ನು ಬರೆದವನು ಯಾವುದೋ ಕಾಲದ, ಕಡಲಾಚೆಯ ಒಬ್ಬ ದೊರೆ. ತನ್ನ ಕಿಟಕಿಯಿಂದ ಕಂಡ ಪ್ರಾರ್ಥನಾಮಂದಿರವೊಂದನ್ನು ನೋಡಿಕೊಂಡು ಇಡೀ ಲೋಕದ ಅಳತೆ ತೆಗೆದಿದ್ದ. ಒಬ್ಬನ ಕಾಲಿಗೆ ಹೊಲಿದ ಜೋಡನ್ನು ಊರಿಗೆಲ್ಲ ತೊಡಿಸಿದ ಹಾಗೆ.

"ಸ್ಥಾಪಕರು ಯಾರು?"

"ಅಜ್ಜಿ ಸರ್. ಅಲ್ಲ, ಅವರು ಸ್ಥಾಪನೆ ಅಂತ ಏನೂ ಮಾಡ್ಲಿಲ್ಲ."

"ಗ್ರಂಥ?"

"ಅವರಿಗೆ ಓದು ಬರ್ತಿರ್ಲಿಲ್ಲ."

"ಮಂದಿರ?"

"ಮೆಟ್ಟಿಲು ಸರ್."

"ಹೋಗ್ಲಿ, ಏನನ್ನ ನಂಬ್ತೀರಿ ನೀವು?"

ಸುಳ್ಳು ಹೇಳಲು ಬಾರದ ಕೊಡೆಯಮ್ಮ ಬಹಳ ಯೋಚಿಸಿದಳು. "ನಂಬೋದು ಏನೂ ಇಲ್ಲ ಸರ್. ಕೂರೋದು, ಅಷ್ಟೇ."

"ನಂಬಿ ಕೂತ್ರೆ ಧರ್ಮ ಕಣಮ್ಮ. ನಂಬದೆ ಕೂತ್ರೆ ಅದಕ್ಕೆ ಸೋಮಾರಿತನ ಅಂತಾರೆ," ಎಂದು ಪುಸ್ತಕ ಮುಚ್ಚಿದರು.

"ಅವಳು ನಾಚ್ಕೋತಿದ್ದಾಳೆ ಸರ್," ಎಂದು ಚೀಲದಕ್ಕ ನುಗ್ಗಿದಳು. "ಎಲ್ಲಾ ಇದೆ ಅವರಲ್ಲಿ. ಸ್ವಲ್ಪ ಇರಿ, ತರ್ತೀವಿ."

"ಅಕ್ಕಾ, ಏನು ತರ್ತೀಯ? ಎಲ್ಲಿಂದ ತರ್ತೀಯ?"

"ಕಳೆದುಹೋದ ಸಾಮಾನಿನ ಮೇಲೆ ಕೂತು ಎಲ್ಲಿಂದ ಅಂತ ಕೇಳ್ತೀಯಲ್ಲ!"

ಹರಾಜಿಗಿಟ್ಟ ರಾಶಿಯಿಂದ ಮೊದಲು ಒಂದು ಕಟ್ಟು ಹಾಕಿಸಿದ ಫೋಟೋ ಹೊರಬಂತು. ದಪ್ಪ ಮೀಸೆ, ಹಲ್ಲುನೋವಿನ ಮುಖ. ಯಾರ ಮಾವನೋ ಏನೋ. ಬಸ್ಸಿನಲ್ಲಿ ಬೇಕೆಂದೇ ಬಿಟ್ಟುಹೋದಂತಿತ್ತು. ಚೀಲದಕ್ಕ ಧೂಳು ಒರೆಸಿ, "ಸ್ಥಾಪಕರು," ಎಂದಳು. ಆಮೇಲೆ ಹೊದಿಕೆ ಹರಿದುಹೋದ ಒಂದು ಪುಸ್ತಕ. ಕೊಡೆಯಮ್ಮ ಇಣುಕಿ ನೋಡಿ ಬೆವರಿದಳು. ಅದು ಹೊಲಿಗೆಯಂತ್ರದ ಜೊತೆ ಕೊಡುವ ಕೈಪಿಡಿ.

ಮ್ಯಾನೇಜರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಡುವೆ ತೆರೆದು, ಕನ್ನಡಕ ಸರಿಮಾಡಿ ಓದಿದರು: "ದಾರ ತುಂಡಾದರೆ ಗಾಬರಿಯಾಗಬೇಡಿ. ಮೊದಲು ಚಕ್ರವನ್ನು ನಿಲ್ಲಿಸಿ."

ಪುಟದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡರು.

"ಗಾಬರಿಯಾಗಬೇಡಿ," ಎಂದು ಅವರು ಮತ್ತೆ ಮೆಲ್ಲಗೆ ಹೇಳಿದರು. "ಮೊದಲು ಚಕ್ರವನ್ನು ನಿಲ್ಲಿಸಿ. ಎಂಥಾ ಮಾತು!"

"ಸರ್, ಅದು ಹೊಲಿಗೆ..."

"ಹೌದಮ್ಮ, ಬದುಕು ಒಂದು ಹೊಲಿಗೆಯೇ. ಗೊತ್ತಾಯ್ತು. ಈಗ ಅನುಯಾಯಿಗಳನ್ನ ತೋರಿಸಿ. ಒಬ್ಬರೇ ಇದ್ರೆ ಅದು ಧರ್ಮ ಅಲ್ಲ, ಹವ್ಯಾಸ."

ಅಷ್ಟರಲ್ಲಿ ಹರಟೆಗೆಂದು ಬಂದಿದ್ದ ಮೈಕಣ್ಣ ವಿಷಯ ಕೇಳಿಸಿಕೊಂಡ. ಬಸ್ಸುಗಳ ಸಮಯ ಕೂಗುವ ಕೆಲಸ ಅವನದು. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳುವ ಗಂಟಲು. ಬೇಡವೆಂದು ಕೊಡೆಯಮ್ಮ ಕೈಮುಗಿಯುವಷ್ಟರಲ್ಲಿ ಓಡಿದ್ದ. "ಪ್ರಯಾಣಿಕರ ಗಮನಕ್ಕೆ! ಬಸ್ಸುಗಳು ತಡವಾಗಿ ಬರುತ್ತವೆ. ಸುಮ್ಮನೆ ಕೂರುವ ಭಕ್ತಾದಿಗಳು ಕಳೆದುಹೋದ ವಸ್ತುಗಳ ಕಚೇರಿಗೆ ಬರಬೇಕು. ಫ್ಯಾನ್ ವ್ಯವಸ್ಥೆ ಇದೆ!"

ಬಂದರು. ಕಾದು ಕಾದು ಸುಸ್ತಾದವರು, ಗಂಟು ಹೊತ್ತವರು, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡವರು. ಫ್ಯಾನಿನ ಕೆಳಗೆ ನೆಲದ ಮೇಲೆ ಕೂತರು. ಚೀಲದಕ್ಕ ಮುಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕೂತಳು. ಪರೀಕ್ಷೆ ಮಾಡಲೆಂದು ನಿಂತಿದ್ದ ಮ್ಯಾನೇಜರೂ, ನಿಂತರೆ ಚೆನ್ನಾಗಿ ಕಾಣುವುದಿಲ್ಲವೆಂದು, ಒಂದು ಪೆಟ್ಟಿಗೆಯ ಮೇಲೆ ಕೂತರು.

ಮೊದಲು ಕೆಮ್ಮು, ಪಿಸುಮಾತು. ಆಮೇಲೆ ಅದೂ ನಿಂತಿತು. ಕಿಟಕಿಯ ಬಿಸಿಲು ಕೊಡೆಗಳ ಮೇಲೆ ಬಿದ್ದಿತ್ತು. ಎಷ್ಟು ಜನ, ಎಷ್ಟು ಮೌನ! ಸಾಲುಮನೆಯ ಇಳಿಹೊತ್ತೇ ದಾರಿ ಕೇಳಿಕೊಂಡು ಬಂದಂತಿತ್ತು. ಕೊಡೆಯಮ್ಮನಿಗೂ ಕೂರಬೇಕೆನ್ನಿಸಿತು. ಆದರೆ ಕೂರುವುದು ಹೇಗೆ? ಕೌಂಟರಿನ ಮೇಲೆ ಕಣ್ಣಿಡಬೇಕು. ಯಾರೋ ಬಾಗಿಲಿಗೆ ಒರಗಿದ್ದಾರೆ, ಕೊಡೆಗಳ ಕಟ್ಟು ಬಿದ್ದೀತು. ಅದಕ್ಕಿಂತ ಹೆಚ್ಚಾಗಿ, ಹೊತ್ತು ಮೀರೀತು. ಗಡಿಯಾರ ನೋಡುತ್ತಾ, ಉಗುರು ಕಚ್ಚುತ್ತಾ ನಿಂತೇ ಇದ್ದಳು.

ಮ್ಯಾನೇಜರು ಎದ್ದಾಗ ಅವರ ಕನ್ನಡಕ ಮಂಜಾಗಿತ್ತು.

"ನಮ್ಮಮ್ಮ," ಎಂದರು. "ಪಾತ್ರೆ ತೊಳೆದ ಮೇಲೆ ಹಿತ್ತಲ ಬಾಗಿಲಲ್ಲಿ ಹೀಗೇ ಕೂರ್ತಿದ್ಲು. ಬಳೆ ಕೂಡ ಸದ್ದು ಮಾಡ್ತಿರ್ಲಿಲ್ಲ. ನಾನು 'ಅಮ್ಮಾ ತಿನ್ನೋಕೆ ಕೊಡು' ಅಂತ ಎಬ್ಬಿಸ್ತಿದ್ದೆ." ಮೂಗು ಒರೆಸಿಕೊಂಡರು. "ಮರೆತೇಹೋಗಿತ್ತು ನೋಡಿ. ಇದು ಧರ್ಮವೇ. ಅನುಮತಿ ಕೊಟ್ಟಿದ್ದೀನಿ."

ಕೊಡೆಯಮ್ಮ ಹೊರಡಲು ಕೈಚೀಲ ಎತ್ತಿಕೊಂಡಳು.

"ಮಂದಿರ ಎಲ್ಲಿದೆ ಅಂದ್ರಿ?" ಎಂದರು ಮ್ಯಾನೇಜರು. "ಆ ಸಾಲುಮನೆ ತಾನೆ? ಎಲ್ಲರೂ ಹೋಗೋಣ. ಮೈಕಣ್ಣ, ಡಿಪೋದಲ್ಲಿ ಖಾಲಿ ಬಸ್ಸು ಯಾವುದಿದೆ ಕೇಳು!"

ಜನ ದಡಬಡ ಎದ್ದರು. ಕೊಡೆಯಮ್ಮನೂ ಹೊಸ್ತಿಲು ದಾಟಿದ್ದಳು. ಮ್ಯಾನೇಜರು ಕೈ ಅಡ್ಡ ಹಿಡಿದರು.

"ನೀವೆಲ್ಲಿಗಮ್ಮ?"

"ಸರ್, ಮೆಟ್ಟಿಲಿಗೆ. ನಮ್ಮಜ್ಜಿ..."

"ನಾನು ಆಗಿನಿಂದ ಗಮನಿಸ್ತಿದ್ದೀನಿ. ಎಲ್ಲರೂ ಕೂತ್ರು, ನೀವು ಕೂರ್ಲೇ ಇಲ್ಲ. ನಂಬಿಕೆ ಇಲ್ಲ ಅಂತ ನೀವೇ ಹೇಳಿದ್ರಿ. ಅನುಯಾಯಿಗಳಿಗೆ ಮಾತ್ರ ರಜೆ, ನಿಯಮ ನಿಯಮವೇ. ಕೌಂಟರ್ ನೋಡ್ಕೊಳ್ಳಿ."

ಚೀಲದಕ್ಕ ಬಸ್ಸಿನ ಕಿಟಕಿಯಿಂದ ಕೂಗಿದಳು. "ಬೇಜಾರು ಮಾಡ್ಕೋಬೇಡ ಕಣೇ! ನಿನ್ನ ಪರವಾಗಿ ನಾನು ಕೂತು ಬರ್ತೀನಿ!"

ಬಸ್ಸು ಹೋಯಿತು. ಕಚೇರಿಯಲ್ಲಿ ಕೊಡೆಯಮ್ಮ, ಮೀಸೆಯ ಸ್ಥಾಪಕ, ತಿರುಗುವ ಫ್ಯಾನು. ಬಿಸಿಲು ಈಗ ಕಲ್ಲಿನ ಮೇಲಿರುತ್ತದೆ, ಈಗ ಅಂಚಿಗೆ ಬಂದಿರುತ್ತದೆ, ಈಗ ಗೋಡೆ ಹತ್ತಿರುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಡುವೆ ಒಬ್ಬಾತ ಬಂದು ತನ್ನ ಹಲ್ಲಿನ ಸೆಟ್ಟು ಹುಡುಕಿಕೊಡಿ ಎಂದು ಬೊಚ್ಚುಬಾಯಲ್ಲೇ ಜಗಳವಾಡಿ ಹೋದ.

ದೀಪ ಹಾಕುವ ಹೊತ್ತಿಗೆ ಬಸ್ಸು ಮರಳಿತು. ಇಳಿದವರ ಮುಖದಲ್ಲಿ ಏನು ಶಾಂತಿ! ಮಾತೂ ಮೆಲ್ಲಗೆ, ಹೆಜ್ಜೆಯೂ ಮೆಲ್ಲಗೆ. ಕೊನೆಗೆ ಮೈಕಣ್ಣನೂ ಇನ್ನಿಬ್ಬರೂ ಏದುಸಿರು ಬಿಡುತ್ತಾ ಏನನ್ನೋ ಹೊತ್ತು ತಂದರು. ಕೊಡೆಯಮ್ಮ ಕೌಂಟರಿನಿಂದ ಓಡಿಬಂದಳು.

ಮೆಟ್ಟಿಲು! ನಡುವೆ ಸವೆದ, ತಟ್ಟೆಯಂಥ, ಅದೇ ಕಲ್ಲು.

"ಹೇಗೂ ನಾಳೆ ಒಡೆದು ಹಾಕ್ತಿದ್ರು," ಎಂದರು ಮ್ಯಾನೇಜರು. "ಕೆಲಸದವರನ್ನ ಕೇಳಿ ಕೀಳಿಸ್ಕೊಂಡು ಬಂದ್ವಿ. ಇನ್ಮೇಲೆ ಇಲ್ಲೇ ಇರುತ್ತೆ. ದಿನಾ ಎಲ್ಲರಿಗೂ ಒಂದು ಗಂಟೆ ಬಿಡುವು."

ಕೊಡೆಯಮ್ಮನ ಕಣ್ಣಲ್ಲಿ ನೀರು ಚಿಮ್ಮಿತು. ಹೊತ್ತು ಮೀರಿದರೇನು, ಜಾಗ ಬದಲಾದರೇನು, ಕಲ್ಲು ಬಂದಿದೆ. ಬಾಗಿ ಅದರ ನಡುವಿನ ಗುಳಿಯನ್ನು ಸವರಿದಳು. ಬದುಕಿನಲ್ಲಿ ಮೊದಲ ಬಾರಿಗೆ ಕೌಂಟರು, ಬೀಗ, ಗಡಿಯಾರ ಎಲ್ಲವನ್ನೂ ಮರೆತು, ಉಟ್ಟ ಬಟ್ಟೆಯನ್ನು ಸರಿಮಾಡಿಕೊಂಡು, ಕೂರಲು ಮೊಣಕಾಲು ಮಡಿಸಿದಳು.

"ಅಯ್ಯಯ್ಯೋ! ಏನು ಮಾಡ್ತಿದ್ದೀರಿ?" ಮ್ಯಾನೇಜರು ಅವಳ ತೋಳು ಹಿಡಿದು ಎತ್ತಿದರು. ಚೀಲದಕ್ಕ ಬಾಯಿಯ ಮೇಲೆ ಕೈಯಿಟ್ಟಳು. ಜನ ಗುಸುಗುಸು ಎಂದರು.

"ಪವಿತ್ರ ಶಿಲೆ ಕಣಮ್ಮ ಅದು," ಎಂದು ಗದರಿದರು ಮ್ಯಾನೇಜರು, ಕಲ್ಲಿನ ಸುತ್ತ ಹಗ್ಗ ಬಿಗಿಯುತ್ತಾ. "ಅದರ ಮೇಲೆ ಯಾರಾದ್ರೂ ಕೂರ್ತಾರಾ? ಸ್ವಲ್ಪನಾದ್ರೂ ಧರ್ಮ ಗೊತ್ತಿರ್ಬೇಕು!"